ಗಾಳಿಗೆ ಹೊಡೆದದ್ದು

ದಸರೆ ಮುಗಿದ ಮೊದಲ ಐತವಾರ
ಶಹಾಬಾದಿನ ಹಳೆ ಕಾಲೊನಿ ಹಿಂದಿನ
ಒಂಬತ್ತು ಕುಳಿಯ ಬಯಲಿಗೆ ನಾವು ನಾಲ್ಕು ಮಂದಿ.
ಫ್ಯಾಕ್ಟರಿ ಹೋಯಿತು, ಅದರ ಭೋಂಗಾ ಹೋಯಿತು,
ಸಾಹೇಬರು ಬಿಟ್ಟುಹೋದ ಕೋಲು ಉಳಿದವು:
ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿದ ಏಳು,
ಕುತ್ತಿಗೆಗೆ ವೆಲ್ಡಿಂಗ್ ಮಾಡಿಸಿದ ಒಂದು.
ಹುಲ್ಲು ಆಗಲೇ ಹಳದಿ.
ಕುಳಿಯ ಸುತ್ತ ಸುಟ್ಟೆಣ್ಣೆ ಕಲಸಿದ ಉಸುಕು;
ಮೈನುದ್ದೀನ್ ಮಾಮು ಗೋಣಿತಾಟು ಎಳೆದೆಳೆದು
ತಟ್ಟಿದ ರೊಟ್ಟಿಯಷ್ಟು ಸಪಾಟು ಮಾಡುತ್ತಾನೆ.

ನಮ್ಮ ಆಟ ಶಿವರಾತ್ರಿ ತನಕ.
ಆಮೇಲೆ ಬಿಸಿಲು ಆಡುತ್ತದೆ, ನಾವು ನೋಡುತ್ತೇವೆ.

ಮೊದಲ ಚೆಂಡು ಇಡುವ ಮುಂಚೆ
ನನ್ನ ಕಾಟಾದ ರಿಜಿಸ್ಟರಿನ ಕೊನೆ ಹಾಳೆಯಲ್ಲಿ
ಈ ಸಾಲಿನ ಗುರಿ ಬರೆಯುವುದು ರಿವಾಜು.

ಗುಂಡೇರಾವ್ ವಕೀಲರು: “ನೂರರ ಒಳಗ.
ಇದರ ಮ್ಯಾಲ ಅಪೀಲಿಲ್ಲ.”
ಮೂರು ವರ್ಷದಿಂದ ಅದೇ ಸಾಲು,
ಶಾಯಿ ಮಾತ್ರ ಬೇರೆ.

ಗೂಡ್ಸ್ ಗಾಡಿಯ ಗಾರ್ಡ್ ದೇವೀಂದ್ರಪ್ಪ:
“ನಾಲ್ಕನೇದ್ದರಾಗ ಬೇವಿನ ಗಿಡ ದಾಟಸ್ತೀನಿ.”
ಹೋದ ವರ್ಷ ಅವನ ಚೆಂಡು ಅಲ್ಲಿ ಬೆಳವನ ಗೂಡು ಸೇರಿತ್ತು.
ಹತ್ತಿ ತರುತ್ತೇನೆಂದ ಹುಡುಗನನ್ನು ಅವನೇ ತಡೆದ:
“ತತ್ತಿ ಅಂತ ತಿಳಕೊಂಡದ ಪಾಪ, ಇರ್ಲಿ ಬಿಡು.”

ಚಂದ್ರಭಾಗಾ ಟೀಚರ್, ಮೊಣಕಾಲು ಕೊಯ್ಸಿಕೊಂಡವರು,
ಕರಿಹಲಗೆಯ ಅಕ್ಷರದಲ್ಲಿ ಬರೆದರು:
ಒಂಬತ್ತು ಕುಳಿ. ಎಲ್ಲೂ ಕೂಡದೆ.

“ನಿಂದೇನೋ ಮಲ್ಕಣ್ಣ?”

ನಾನು ಹನ್ನೆರಡು ವರ್ಷದಿಂದ
ಫರಸಿ ಲಾರಿ ತೂಗುವವನು.
ಡ್ರೈವರ್ ಕೆಳಗಿಳಿಯುವ ತನಕ ಮುಳ್ಳು ಓದದವನು.
ಒಂದು ಕ್ವಿಂಟಲ್ ಅತ್ತಿತ್ತ ಬರಿ ಎಂದ ಸೇಠಜಿಗೆ
ಮುಖಕ್ಕೇ ಒಲ್ಲೆ ಅಂದವನು.

ಆದರೆ ಏಳನೇ ಕುಳಿ ಜಾಲಿಯ ಮರೆಯಲ್ಲಿದೆ.
ಹೋದ ಮಾಘದಲ್ಲಿ ಅಲ್ಲಿ ಜೋರಾಗಿ ಬೀಸಿದೆ.
ಗಾಳಿ ಸುಯ್ ಅಂದಿತು.
ಚೆಂಡು ಇದ್ದಲ್ಲೇ ಕೂತು ನನ್ನ ಮುಖ ನೋಡಿತು.
ಮುಟ್ಟದ ಏಟೂ ಏಟೇ, ಎನ್ನುತ್ತದೆ ನಿಯಮ.
ಹೊರಗೆ ಬಂದು “ಏಳು” ಅಂದೆ.
ಎಂಟಾಗಿತ್ತು.
ಅವತ್ತು ನನ್ನದು ತೊಂಬತ್ತೊಂಬತ್ತು.
ನಮ್ಮೊಳಗ ಮೊದಲು ನೀ ದಾಟಿದಿ ಅಂತ
ವಕೀಲರೇ ಎಲ್ಲರಿಗೂ ಮಿರ್ಚಿ ಭಜಿ ತಿನ್ನಿಸಿದರು,
ಸ್ಟೇಷನ್ ಎದುರಿನ ಗಾಡಿಯಲ್ಲಿ.
ನಾನು ನಾಲ್ಕು ತಿಂದೆ.

“ಎಲ್ಲಾ ಎಣಸೋದು” ಅಂತ ಬರೆದೆ ಈ ಸಲ.
“ಇದೂ ಒಂದು ಗುರಿಯೇನೋ!” ನಕ್ಕರು.

ಕಾರ್ತಿಕದಲ್ಲಿ ನೂರಾ ಆರು.
ಎಳ್ಳಮಾಸಿಗೆ, ಭಜ್ಜಿ ಅಂಬಲಿ ಹೊಟ್ಟೆಯಲ್ಲಿಟ್ಟುಕೊಂಡು, ನೂರಾ ಹನ್ನೊಂದು.
ಎಣಿಸಿದಷ್ಟೂ ಕೆಟ್ಟ ಆಟಗಾರನಾದೆ.
ದೇವೀಂದ್ರಪ್ಪನ ಚೆಂಡು ಬೇವಿನ ಬೊಡ್ಡೆಗೆ
ಬಾಗಿಲು ಬಡಿದಂತೆ ಬಡಿಯುತ್ತಲೇ ಇತ್ತು.
ಆರನೇ ಕುಳಿಯ ಹತ್ತಿರ ಒಂದು ಮುಂಜಾನೆ
ಟೀಚರ್ ಫರಸಿ ಚಪ್ಪಡಿ ಮೇಲೆ ಕೂತುಬಿಟ್ಟರು.
ನಾವು ಬೇರೆ ಕಡೆ ನೋಡಿದೆವು.
ಎದ್ದು ಸೀರೆ ಝಾಡಿಸಿ ಅಂದರು:
“ಬರ್ಕೊ ಮಲ್ಕಣ್ಣ. ಒಮ್ಮೆ ಕೂತೀನಿ.”

ಅವತ್ತೇ ಇರಬೇಕು, ಮಾಮು
ತಾಟು ಎಳೆಯುತ್ತ, ನನ್ನ ಕಡೆ ತಿರುಗದೆ:
“ಹೋದ ಸಾಲ ನಾ ಜಾಲಿ ಹಿಂದೇ ಇದ್ದೆ, ಬೀಡಿ ಸೇದ್ಕೋತ.”
ಅಷ್ಟೇ.
ನನ್ನ ಹೆಜ್ಜೆ ಅಳಿಸಿ ಮುಂದಿನ ಕುಳಿಗೆ ಹೋದ.

ಶಿವರಾತ್ರಿ ಮುಂಚಿನ ಐತವಾರ.
ಎಂಟು ಗಂಟೆಗೇ ಕಲ್ಲು ಕಾದಿತ್ತು.
ಏಳನೇ ಕುಳಿ, ಜಾಲಿ, ನಾನೊಬ್ಬನೇ.
ಬೀಸಿದೆ. ಸುಯ್.
ಚೆಂಡು ಅಲ್ಲೇ.

“ಒಂದು!” ಅಂತ ಕೂಗಿದೆ,
ಕಾಟಾದಲ್ಲಿ ತೂಕ ಕೂಗುವ ದನಿಯಲ್ಲಿ.
ಬೇಲಿಯಾಚೆಯಿಂದ ವಕೀಲರು: “ಏನದು?”
“ಗಾಳಿಗೆ ಹೊಡೆದದ್ದು!”

ತುಸು ಹೊತ್ತು ಏನೂ ಇಲ್ಲ.
ದೂರ ವಾಡಿ ಕಡೆಯ ಗಾಡಿ ಸೀಟಿ ಹಾಕಿತು.
ಆಮೇಲೆ ಜಾಲಿಯ ಆಚೆಯಿಂದ, ಸಣ್ಣ ದನಿಯಲ್ಲಿ:
“ಹಂಗಾದ್ರ ನಂದೂ ಎರಡ ಅವ.
ಬರ್ಕೊ.”